ಕೋವಿಯ ಮೇಲಣ ಮುದ್ರೆಗಳು

ಹಳೆಯ ನಾಣ್ಯಗಳನ್ನು ಕುರಿತು ನಾವು ಹಿಂದಿನ ಸಂಚಿಕೆಯಲ್ಲಿ ಬರೆದುದನ್ನು ಓದಿ ಓಕಳಿಪುರದ ವಾಚಕರೊಬ್ಬರು ನಮ್ಮಲ್ಲಿಗೆ ದಯಮಾಡಿಸಿದ್ದರು. ಎಪ್ಪತ್ತು ದಾಟಿದ ವಯಸ್ಸು. ನೌಕರಿಯಿಂದ ನಿವೃತ್ತರಾಗಿ ಬಹುಕಾಲವಾಗಿದೆ. ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಗಂಟು. ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಮೊಳಕ್ಕೆ ಕೊಂಚ ಕಡಮೆ ಉದ್ದದ ಒಂದು ಉಕ್ಕಿನ ಮುಚ್ಚಳ. ಒಂದು ತುದಿಯಲ್ಲಿ ಕೀಲಿನ ಕಿವಿ, ಮೈತುಂಬ ಅಲ್ಲಲ್ಲಿ ಸಣ್ಣ ಸಣ್ಣ ಮುದ್ರೆಗಳು.

"ಇದು ಜರ್ಮನರ ಮೆಷಿನ್‌ಗನ್ನಿನ ಮೇಲ್ಮುಚ್ಚಳ, ಸ್ವಾಮಿ. ನಮ್ಮ ತಾತ ಮೈಸೂರು ರಿಸಾಲೆಯಲ್ಲಿದ್ದವರು. ಹೈಫಾ ಪಟ್ಟಣವನ್ನು ಹಿಡಿದ ದಿವಸ ಇದನ್ನು ಕಿತ್ತು ತಂದರಂತೆ. ನೋಡಿ, ೧೪೬ ಎಂದು ಕೆತ್ತಿದೆ. ಜರ್ಮನರ ೧೪೬ನೆಯ ಪಲ್ಟಣ ಆ ಸೀಮೆಯಲ್ಲೇ ಇತ್ತಂತೆ. ತಾವು ಒಂದು ಕಾಗದದಲ್ಲಿ ಹಾಗೆಂದು ಬರೆದುಕೊಟ್ಟರೆ ಮುಂದಿನವರಿಗೆ ಇರುತ್ತದೆ" ಎಂದರು.

ಎಷ್ಟೋ ವರ್ಷಗಳಿಂದ ಆಯುಧಪೂಜೆಯ ದಿನ ಆ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವು ಏರಿಸುತ್ತಿದ್ದಾರೆ. ಮಿಕ್ಕ ದಿನಗಳಲ್ಲಿ ಅದು ಹಪ್ಪಳದ ಹಿಟ್ಟಿನ ಮೇಲೆ ಭಾರವಾಗಿ ಕುಳಿತಿರುತ್ತದೆ. ಈಚೆಗೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ನೋಡಿ, ಹೈಫಾದ್ದೆಂದು ಬರಹದಲ್ಲಿ ರುಜುವಾತಿದ್ದರೆ ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿಹೋಗಿದ್ದನು. ಮಾರುವ ಮನಸ್ಸು ಇವರಿಗಿರಲಿಲ್ಲ. ಆದರೆ ಆ ಮಾತಿನಿಂದ ರುಜುವಾತೆಂಬುದೊಂದು ಬೇಕೆಂದು ತೋರಿತ್ತು.

ಹೈಫಾದ ಸಂಗತಿ ನಮ್ಮ ಅನೇಕ ವಾಚಕರಿಗೆ ತಿಳಿದದ್ದೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು, ಹೈದರಾಬಾದು, ಜೋಧಪುರ ಸಂಸ್ಥಾನಗಳ ಕುದುರೆ ದಂಡುಗಳು ಒಂದೇ ಬ್ರಿಗೇಡಿನಲ್ಲಿ ಸೇರಿ ಈಜಿಪ್ಟು ಪ್ಯಾಲೆಸ್ತೀನುಗಳಲ್ಲಿ ಕಾದಿದುವು. ೧೯೧೮ನೆಯ ಸೆಪ್ಟೆಂಬರ್ ೨೩ರಂದು, ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಷೋನ್ ಹೊಳೆಯ ಹೂಳು, ನಡುವೆ ಇಕ್ಕಟ್ಟಾದ ದಾರಿ — ಅದರಲ್ಲಿ ಭರ್ಜಿ ಹಿಡಿದ ರಾವುತರು ಮೆಷಿನ್‌ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿದರು. ಮೈಸೂರಿನ ಒಂದು ಸ್ಕ್ವಾಡ್ರನ್ನು ಬೆಟ್ಟವನ್ನು ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದವರು ಮುಖ್ಯ ದಾಳಿ ಮಾಡಿದರು. ಅವರ ಮೇಜರ್ ದಳಪತಸಿಂಗರು ಮಡಿದರು. ಮೈಸೂರಿನವರು ಗುಂಡಿನಿಂದ ಅವರಿಗೆ ಒತ್ತಾಸೆಯಾಗಿದ್ದು ಹಿಂದೆಯೇ ಊರೊಳಗೆ ನುಗ್ಗಿದರು. ಆ ದಿನ ಸೆರೆಸಿಕ್ಕವರು ೧೩೫೦ ಮಂದಿ. ವಶವಾದದ್ದು ೧೭ ಫಿರಂಗಿ, ೧೧ ಮೆಷಿನ್‌ಗನ್ನು. ನಮ್ಮವರಲ್ಲಿ ಸತ್ತವರು ೮ ಮಂದಿ, ಗಾಯಗೊಂಡವರು ೩೪. ಕುದುರೆಗಳಲ್ಲಿ ಸತ್ತದ್ದು ೬೦. ಕುದುರೆಗಳ ಲೆಕ್ಕವನ್ನು ನೋಡಿದರೆ ಆ ಗುಂಡಿನ ಮಳೆ ಎಂಥದೆಂಬುದು ತಿಳಿಯುತ್ತದೆ. ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸವಾರರ ಪ್ರತಿಮೆಗಳು ಆ ಮೂರು ಸಂಸ್ಥಾನಗಳವರವೇ. ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ರಿಸಾಲೆಯ ಸ್ಮಾರಕವಿದೆ. ಮಡಿದವರ ಹೆಸರುಗಳು ಅದರಲ್ಲಿವೆ.

ಹೀಗಾಗಿ ಬಂದವರ ಮಾತಿನಲ್ಲಿ ಅಸಂಭವವಾದದ್ದೇನೂ ಇರಲಿಲ್ಲ. ೧೪೬ನೆಯ ಪಲ್ಟಣದ ಮಾತೂ ಸುಳ್ಳಲ್ಲ. ಪ್ರಷ್ಯದ ೧೪೬ನೆಯ ಪದಾತಿ ರೆಜಿಮೆಂಟು ೧೯೧೮ರಲ್ಲಿ ಪ್ಯಾಲೆಸ್ತೀನಿಗೆ ಬಂದಿತ್ತು. ಅದಕ್ಕೆ ಮೊದಲೇ ‘ಏಷ್ಯಾ ಕೋರ್’ ಎಂಬ ಹೆಸರಿನಿಂದ ೭೦೧, ೭೦೨, ೭೦೩ನೆಯ ಬೆಟಾಲಿಯನ್ನುಗಳು ಮೆಷಿನ್‌ಗನ್ನುಗಳ ಸಮೇತ ತುರ್ಕರ ನೆರವಿಗೆ ಬಂದಿದ್ದುವು. ಆದರೆ ಒಂದು ಸಂಗತಿ ನಿಜವಾಗಿರಬಹುದೆಂಬುದು ಬೇರೆ, ಈ ಕಬ್ಬಿಣ ಅದನ್ನು ಹೇಳುತ್ತದೆಯೆ ಎಂಬುದು ಬೇರೆ. ಭೂತಕನ್ನಡಿಯನ್ನು ತರಿಸಿಕೊಂಡು ಕುಳಿತೆವು.

ಈ ಕೋವಿಯ ವಿಷಯ ತುಸು ಹೇಳಬೇಕು. ಹೈರಮ್ ಮ್ಯಾಕ್ಸಿಂ ಎಂಬಾತನು ೧೮೮೪ರಲ್ಲಿ, ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವ ಆ ಶಕ್ತಿಯಿಂದಲೇ ಮುಂದಿನ ಗುಂಡನ್ನು ತುಂಬಿಕೊಳ್ಳುವ ಯಂತ್ರವನ್ನು ಕಂಡುಹಿಡಿದನು. ಜರ್ಮನರು ಅದನ್ನು ತಿದ್ದಿಕೊಂಡು ೧೯೦೮ರಲ್ಲಿ ತಮ್ಮ ಸೇನೆಗೆ ತೆಗೆದುಕೊಂಡರು. ಆದ್ದರಿಂದಲೇ ಅದರ ಹೆಸರು ‘ಎಂ.ಜಿ. ೦೮’. ನಳಿಗೆಯ ಸುತ್ತ ನೀರಿನ ಕೊಳವೆ. ಅದರಲ್ಲಿ ಸುಮಾರು ನಾಲ್ಕು ಲೀಟರು ನೀರು. ಬಟ್ಟೆಯ ಪಟ್ಟಿಯಲ್ಲಿ ೨೫೦ ಗುಂಡು. ನಿಮಿಷಕ್ಕೆ ನಾನೂರು ಐನೂರು ಗುಂಡುಗಳನ್ನು ಉಗುಳುತ್ತಿತ್ತು. ಜಾರುಬಂಡಿಯಂಥ ಕಾಲುಮಣೆಯೂ ನೀರೂ ಸೇರಿದರೆ ತೂಕ ಅರವತ್ತು ಕಿಲೋ ಮೀರುತ್ತಿತ್ತು. ಇದನ್ನು ಹಗುರ ಮಾಡಿದ ೧೯೧೫ರ ಮಾದರಿಗೆ ‘೦೮/೧೫’ ಎಂದು ಹೆಸರು. ಅದನ್ನು ಎಷ್ಟು ಸಾವಿರ ಮಾಡಿದರೆಂದರೆ, ಜರ್ಮನರ ಆಡುಮಾತಿನಲ್ಲಿ ‘ಸೊನ್ನೆ-ಎಂಟು-ಹದಿನೈದು’ ಎಂದರೆ ಇಂದಿಗೂ ‘ವಿಶೇಷವೇನೂ ಇಲ್ಲದ್ದು, ಎಲ್ಲೆಂದರಲ್ಲಿ ಸಿಕ್ಕುವಂಥದು’ ಎಂದೇ ಅರ್ಥ. ಅಷ್ಟು ಜನರನ್ನು ಕೊಂದ ಯಂತ್ರಕ್ಕೆ ಈ ಮರ್ಯಾದೆ!

ಇನ್ನು ಮುದ್ರೆಗಳು. ಇಂಥ ವಸ್ತುವಿನ ಮೇಲೆ ನಾಲ್ಕಾರು ಬಗೆಯ ಗುರುತುಗಳಿರುತ್ತವೆ. ಒಂದನ್ನು ಇನ್ನೊಂದೆಂದು ತಿಳಿಯುವುದರಿಂದಲೇ ಎಲ್ಲ ಗೊಂದಲವೂ ಹುಟ್ಟುವುದು.

ಮೊದಲು ನೋಡಬೇಕಾದದ್ದು ಲಿಪಿ. ತುರ್ಕರಿಗೆ ಸೇರಿದ ಕೋವಿಯಾದರೆ ಅರಬ್ಬಿ ಅಕ್ಷರಗಳೂ ಅರಬ್ಬಿ ಅಂಕಿಗಳೂ ಅರ್ಧಚಂದ್ರವೂ ಕಾಣಬಹುದು. ಅವರ ವರ್ಷಗಳನ್ನು ಓದುವುದರಲ್ಲಿಯೂ ಎಚ್ಚರ ಬೇಕು. ೧೩೩೪ ಎಂದಿದ್ದರೆ, ಹಿಜರಿ ಲೆಕ್ಕದಲ್ಲಿ ಅದು ೧೯೧೫-೧೬; ಆದರೆ ತುರ್ಕಿ ಸರಕಾರವು ಕಚೇರಿಗಳಲ್ಲಿ ಬಳಸುತ್ತಿದ್ದ ರೂಮಿ ಲೆಕ್ಕದಲ್ಲಿ ಅದೇ ಅಂಕಿ ೧೯೧೮. ಒಂದೇ ಸಂಖ್ಯೆಗೆ ಎರಡು ಅರ್ಥ. ಹೈಫಾದಲ್ಲಿ ತುರ್ಕರೂ ಜರ್ಮನರೂ ಇದ್ದರು. ಬೆಟ್ಟದ ಮೇಲೆ ಆಸ್ಟ್ರಿಯದವರ ಫಿರಂಗಿಗಳೂ ಇದ್ದುವು. ಆದ್ದರಿಂದ ಅಲ್ಲಿ ಸಿಕ್ಕಿದ್ದೆಲ್ಲ ಜರ್ಮನರದೆನ್ನುವ ಹಾಗಿಲ್ಲ. ನಮ್ಮ ಮುಂದಿದ್ದ ಮುಚ್ಚಳದ ಮೇಲೆ ಅರಬ್ಬಿಯ ಸುಳಿವಿರಲಿಲ್ಲ. ಅದು ಶುದ್ಧ ಜರ್ಮನಿಯದು.

ಎರಡನೆಯದು ಕಿರೀಟ. ಪುಟ್ಟ ಕಿರೀಟ, ಅದರ ಕೆಳಗೆ ಹಳೆಯ ಜರ್ಮನ್ ಬರಹದ ಒಂದು ಸೊಟ್ಟ ಅಕ್ಷರ. ಅದನ್ನು ಕಂಡ ಕೂಡಲೆ ‘ರಾಜರ ಖಾಸಾ ಪಲ್ಟಣ’ ಎಂದು ಹಿಗ್ಗುವವರುಂಟು. ವಾಸ್ತವವಾಗಿ ಅದು ಕಾರ್ಖಾನೆಯ ಪರೀಕ್ಷಕನ ಮುದ್ರೆ: ‘ಈ ಭಾಗವನ್ನು ನೋಡಿದೆ, ಸರಿಯಾಗಿದೆ’ ಎಂಬುದಷ್ಟೇ ಅದರ ಮಾತು. ನಮ್ಮ ಬಟ್ಟೆ ಗಿರಣಿಗಳಲ್ಲಿ ತಾನಿನ ಅಂಚಿಗೆ ಮೊಹರು ಹಾಕುತ್ತಿದ್ದ ಹಾಗೆ.

ಮೂರನೆಯದು ನಂಬರು. ಕೋವಿಯ ನಂಬರನ್ನು ದೊಡ್ಡ ಭಾಗಗಳ ಮೇಲೆ ಪೂರ್ತಿಯಾಗಿ, ಚಿಕ್ಕ ಭಾಗಗಳ ಮೇಲೆ ಕೊನೆಯ ಎರಡಂಕಿ ಮಾತ್ರ ಹಾಕುವುದು ಜರ್ಮನರ ವಾಡಿಕೆ. ಬಿಚ್ಚಿ ತೊಳೆದ ಭಾಗಗಳು ಮತ್ತೆ ಅದೇ ಕೋವಿಗೆ ಸೇರಲೆಂದು ಈ ಏರ್ಪಾಡು. ನಂಬರುಗಳು ಒಂದು ಮಿತಿಗೆ ಬಂದಮೇಲೆ ಪುನಃ ಒಂದರಿಂದ ಆರಂಭಿಸಿ, ಕೆಳಗೆ ಒಂದು ಚಿಕ್ಕ ಅಕ್ಷರವನ್ನು ಬಾಲದಂತೆ ಸೇರಿಸುತ್ತಿದ್ದರು.

ನಾಲ್ಕನೆಯದೇ ಪಲ್ಟಣದ ಮುದ್ರೆ. ಸಂಗ್ರಾಹಕರು ಹುಡುಕುವುದು ಇದನ್ನೇ. ಜರ್ಮನರು ಇದಕ್ಕೂ ನಿಬಂಧನೆ ಮಾಡಿದ್ದರು. ೧೮೭೭ರಲ್ಲಿ ಒಮ್ಮೆ, ೧೯೦೯ರಲ್ಲಿ ಇನ್ನೊಮ್ಮೆ. ಮುದ್ರೆಯು ಒಂದು ವಿಳಾಸದಂತೆ ಸಾಗುತ್ತದೆ. ಬಾಯಿನೆಟ್ಟುಗಳ ಮೇಲೆ ‘೧೨.ಆರ್.೧೦.೧೧೦.’ ಎಂಬಂಥ ಸಾಲು ಕಾಣುತ್ತದೆ. ಅದನ್ನು ಬಿಡಿಸಿದರೆ: ೧೨ನೆಯ ಪದಾತಿ ರೆಜಿಮೆಂಟು, ಅದರ ೧೦ನೆಯ ಕಂಪೆನಿ, ಆ ಕಂಪೆನಿಯ ೧೧೦ನೆಯ ಆಯುಧ. ‘ಆರ್’ ಅಕ್ಷರ ಎರಡು ಬಾರಿ ಬಂದರೆ ರಿಸರ್ವ್ ರೆಜಿಮೆಂಟು. ಮೊದಲಲ್ಲಿ ‘ಬಿ’ ಇದ್ದರೆ ಬವೇರಿಯದವರು. ‘ಎಂ.ಜಿ.’ ಎಂದಿದ್ದರೆ ಮೆಷಿನ್‌ಗನ್ನಿನ ತುಕಡಿ. ಯುದ್ಧ ಮೊದಲಾದಾಗ ಒಂದು ಪದಾತಿ ರೆಜಿಮೆಂಟಿಗೆ ಒಂದೇ ಮೆಷಿನ್‌ಗನ್ ಕಂಪೆನಿ. ಅದರಲ್ಲಿ ಆರೇ ಗನ್ನುಗಳು. ಆದ್ದರಿಂದ ಕೊನೆಯ ಅಂಕಿ ನೂರನ್ನು ದಾಟಿದ್ದರೆ ಅದು ಸಿಪಾಯಿಯ ಬಂದೂಕಿನದೋ ಬಾಯಿನೆಟ್ಟಿನದೋ ಆಗಿರಬೇಕಲ್ಲದೆ ಮೆಷಿನ್‌ಗನ್ನಿನದಾಗಲಾರದೆಂದು ತರ್ಕಿಸಬಹುದು. ಯುದ್ಧವು ಬೆಳೆದಂತೆ ಈ ವಿಳಾಸ ಬರೆಯುವ ಪದ್ಧತಿಯನ್ನೇ ಕೈಬಿಟ್ಟರು. ಶತ್ರುವಿನ ಕೈಗೆ ಒಂದು ಕೋವಿ ಸಿಕ್ಕಿದರೆ ಎದುರಿಗಿರುವ ಪಲ್ಟಣ ಯಾವುದೆಂದು ಅವನಿಗೆ ಪತ್ರ ಬರೆದು ತಿಳಿಸಿದಂತಾಗುತ್ತಿತ್ತಷ್ಟೆ.

ಈ ಮುಚ್ಚಳದ ೧೪೬ಕ್ಕೆ ಬರೋಣ. ಅದರ ಪಕ್ಕದಲ್ಲಿ ‘ಆರ್’ ಇಲ್ಲ, ಚುಕ್ಕೆಗಳಿಲ್ಲ, ಕಂಪೆನಿಯ ಅಂಕಿಯಿಲ್ಲ. ಕೆಳಗೊಂದು ಬಾಲದಕ್ಷರವಿದೆ. ಕೀಲಿನ ಕಿವಿಯ ಮೇಲೆ ೪೬ ಎಂದು ಕೊನೆಯ ಎರಡಂಕಿ ಮತ್ತೆ ಬಂದಿದೆ. ಅದು ಕೋವಿಯ ನಂಬರೇ ಹೊರತು ಪಲ್ಟಣದ್ದಲ್ಲ. ಈ ಮಾತನ್ನು ಹೇಳಿದಾಗ ಆ ಹಿರಿಯರು, "ಹೋಗಲಿ, ಪಲ್ಟಣ ತಿಳಿಯದಿದ್ದರೆ ಬೇಡ. ವರ್ಷ ಸರಿಯಾಗಿದೆಯಲ್ಲ? ೧೯೧೭ ಎಂದಿದೆ. ಕೆಳಗಿನ ೧೯೨೦ ನಮ್ಮ ತಾತ ಊರಿಗೆ ಬಂದು ಕೆತ್ತಿಸಿದ್ದು" ಎಂದರು.

೧೯೧೭ರ ಬಳಿ ಕಾರ್ಖಾನೆಯ ಹೆಸರಿನ ಗುರುತಿತ್ತು. ಅದು ತಯಾರಾದ ವರ್ಷವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ೧೯೨೦ನ್ನು ನೋಡಿದಾಗ ನಮಗೆ ಮಾತು ಹೊರಡಲಿಲ್ಲ. ಅದು ನಮ್ಮೂರ ಅಕ್ಕಸಾಲಿಯ ಉಳಿಯಿಂದ ಬಿದ್ದ ಗೀಟಲ್ಲ; ಅಚ್ಚಿನಿಂದ ಒಂದೇ ಏಟಿಗೆ ಹೊಡೆದ, ಸಮನಾದ ಸಣ್ಣ ಅಂಕಿಗಳು.

೧೯೧೯ರ ವರ್ಸೇಲ್ಸ್ ಒಡಂಬಡಿಕೆಯಿಂದ ಜರ್ಮನಿಯ ಸೇನೆಯನ್ನು ಒಂದು ಲಕ್ಷ ಜನಕ್ಕೆ ಇಳಿಸಿದರು. ಮೆಷಿನ್‌ಗನ್ನುಗಳಿಗೂ ಲೆಕ್ಕ ಕಟ್ಟಿದರು: ಭಾರಿಯವು ೭೯೨, ಹಗುರವಾದವು ೧೧೩೪. ಆಗ ದೇಶದೊಳಗೆ ಯುದ್ಧದಿಂದ ಮರಳಿದವರ ಮನೆಗಳಲ್ಲೆಲ್ಲ ಆಯುಧಗಳಿದ್ದುವು. ಸರಕಾರದ ಸ್ವತ್ತು ಯಾವುದು, ಕದ್ದು ಇಟ್ಟುಕೊಂಡದ್ದು ಯಾವುದು ಎಂದು ತಿಳಿಯುವುದಕ್ಕಾಗಿ, ಸೇನೆಯಲ್ಲಿ ಉಳಿದ ಹಳೆಯ ಆಯುಧಗಳ ಮೇಲೆ ‘೧೯೨೦’ ಎಂಬ ಮುದ್ರೆಯನ್ನು ಹೊಡೆದರು. ಅದು ಸ್ವಾಮ್ಯದ ಮುದ್ರೆ. ಎಂದ ಮೇಲೆ ಈ ಮುದ್ರೆಯುಳ್ಳ ಮುಚ್ಚಳವು ೧೯೨೦ರಲ್ಲಿ ಜರ್ಮನಿಯ ಆಯುಧಾಗಾರದಲ್ಲಿ ಕ್ಷೇಮವಾಗಿತ್ತು. ೧೯೧೮ರ ಸೆಪ್ಟೆಂಬರಿನಲ್ಲಿ ಹೈಫಾದ ಹಾದಿಯಲ್ಲಿ ಮೈಸೂರು ರಾವುತನೊಬ್ಬನ ಕೈಗೆ ಸಿಕ್ಕುವುದು ಅದಕ್ಕೆ ಸಾಧ್ಯವಿರಲಿಲ್ಲ.

ಇದನ್ನು ಹೇಳುವುದೋ ಬಿಡುವುದೋ ಎಂದು ನಾವು ಕ್ಷಣಕಾಲ ಅಳುಕಿದ್ದುಂಟು. ಒಂದು ಮನೆಯವರು ಮೂರು ತಲೆಮಾರು ಹೂವಿಟ್ಟು ಪೂಜಿಸಿದ ವಸ್ತು, ಬಂದವರು ಹಿರಿಯರು, ಒಂದು ಸಾಲು ಬರೆದುಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ಆ ಸಾಲನ್ನು ನಂಬಿ ಮೊಮ್ಮಕ್ಕಳು ನಾಳೆ ಬಲ್ಲವರೊಬ್ಬರ ಮುಂದೆ ಅದನ್ನು ಹಿಡಿದರೆ, ಸುಳ್ಳುಗಾರನೆನಿಸುವವನು ಆ ತಾತ. ಆತನು ಹೈಫಾಕ್ಕೆ ಹೋದದ್ದೇ ಕಟ್ಟುಕತೆಯೆಂದಾರು. ಆದ್ದರಿಂದ ಇದ್ದುದನ್ನು ಇದ್ದಹಾಗೆ ಹೇಳಿದೆವು. ಅವರು ಮರುಮಾತಾಡದೆ ಗಂಟು ಕಟ್ಟಿಕೊಂಡರು. ಕಾಫಿಯನ್ನೂ ಕುಡಿಯಲಿಲ್ಲ.

ವಾರವೊಂದು ಕಳೆಯುವಷ್ಟರಲ್ಲಿ ಅವರೇ ಬಂದು ನಮ್ಮನ್ನು ಮನೆಗೆ ಕರೆದರು. ರೈಲುಹಳಿಗಳ ಮಗ್ಗುಲಲ್ಲಿ, ಗಾಡಿ ಹೋದಾಗಲೆಲ್ಲ ಲೋಟಗಳು ಝಣಗುಟ್ಟುವ ಹಳೆಯ ಮನೆ. ಒಳಗೆ ಕುರ್ಚಿಯಲ್ಲಿ ಅವರ ಸೋದರತ್ತೆ. ತೊಂಬತ್ತರ ಸಮೀಪದ ವಯಸ್ಸು. ಜೀವಮಾನವೆಲ್ಲ ಗಂಡನ ಮನೆ ತುಮಕೂರಿನಲ್ಲಿದ್ದು ಈಚೆಗೆ ಇಲ್ಲಿಗೆ ಬಂದವರು. ನಮ್ಮನ್ನು ಕಂಡೊಡನೆ, "ಅದನ್ನು ಅಪ್ಪನದು ಅಂತ ಯಾರಪ್ಪ ಹೇಳಿದ್ದು? ಅದು ದೊಡ್ಡಣ್ಣನ ಟ್ರಂಕಿನಲ್ಲಿ ಬಂದದ್ದಲ್ಲವೆ! ನಾನಾಗ ಹನ್ನೆರಡರ ಹುಡುಗಿ. ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ಬಂದಿದ್ದೆ. ಅವನು ಬಾಗಿಲಲ್ಲಿ ನಿಂತಿದ್ದ, ಗುರುತೇ ಸಿಕ್ಕಲಿಲ್ಲ" ಎಂದರು.

ದೊಡ್ಡಣ್ಣನೆಂದರೆ ನಮ್ಮ ವಾಚಕರ ದೊಡ್ಡಪ್ಪ. ಎರಡನೆಯ ಮಹಾಯುದ್ಧದಲ್ಲಿ ಮದರಾಸು ಸ್ಯಾಪರ್ಸ್ ಪಡೆಗೆ ಸೇರಿ ಇಟಲಿಗೆ ಹೋಗಿದ್ದವನು. ಹಲಸೂರಿನ ಬಳಿ ನೆಲೆಯಾಗಿದ್ದ ಆ ಪಡೆಯವರ ಕೆಲಸ ಸೇತುವೆ ಕಟ್ಟುವುದು, ನೆಲದಲ್ಲಿ ಹೂತ ಸಿಡಿಮದ್ದನ್ನು ತೆಗೆಯುವುದು, ಶತ್ರು ಬಿಟ್ಟುಹೋದದ್ದನ್ನು ತೆರವು ಮಾಡುವುದು. ಜರ್ಮನರು ಹಿಂದಿನ ಯುದ್ಧದ ಹಳೆಯ ಮ್ಯಾಕ್ಸಿಂಗಳನ್ನು ಎರಡನೆಯ ಯುದ್ಧದಲ್ಲಿಯೂ ಹಿಂದಿನ ಸಾಲಿನ ಪಡೆಗಳಿಗೆ ಕೊಟ್ಟಿದ್ದರು. ೧೯೧೭ ಮತ್ತು ೧೯೨೦ ಎರಡೂ ಇರುವ ಮುಚ್ಚಳಕ್ಕೆ ಆ ದಾರಿ ಸರಿಹೊಂದುತ್ತದೆ. ಆ ಮನುಷ್ಯನು ಮರಳಿ ಬಂದು ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದನು. ಮದುವೆಯಾಗಲಿಲ್ಲ. ಇಟಲಿಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದನಂತೆ. ಅಪ್ಪನಾದರೋ ಸಂಜೆ ಜಗಲಿಯ ಮೇಲೆ ಕುಳಿತು ಹೈಫಾದ ಕತೆಯನ್ನು ಕೇರಿಯ ಮಕ್ಕಳಿಗೆಲ್ಲ ಹೇಳುವವನು. ಮಕ್ಕಳು ಕತೆಯನ್ನೂ ಕಣ್ಣೆದುರಿನ ಕಬ್ಬಿಣವನ್ನೂ ಒಂದಕ್ಕೊಂದು ಗಂಟುಹಾಕಿದರು. ಮಗ ಬೇಡವೆನ್ನಲಿಲ್ಲ. ಅವನು ತೀರಿಕೊಂಡ ಮೇಲೆ ಅವನ ಮಾತಾಡುವವರೂ ಉಳಿಯಲಿಲ್ಲ.

"ಹಾಗಾದರೆ ತಾತನದು ಏನೂ ಇಲ್ಲವೇ?" ಎಂದು ನಮ್ಮ ವಾಚಕರು ಕೇಳಿದರು. ಇಷ್ಟು ದಿನ ಅವರನ್ನು ಕೊರೆಯುತ್ತಿದ್ದದ್ದು ಇದೇ ಎಂದು ತೋರಿತು. ಅತ್ತೆಯವರು ಸೊಸೆಯನ್ನು ಕರೆದು ದೇವರ ಪೆಟ್ಟಿಗೆಯನ್ನು ತರಿಸಿದರು. ಗಂಧದ ಕೊರಡು, ಹಳೆಯ ಸಾಲಿಗ್ರಾಮದ ಚೀಲ, ಇವುಗಳ ಅಡಿಯಲ್ಲಿ ಕಪ್ಪಾದ ಬೆಳ್ಳಿಯ ಒಂದು ಬಿಲ್ಲೆ. ಅದನ್ನು ಲಕ್ಷ್ಮಿಯ ಕಾಸೆಂದು ಕರೆದು ಪೂಜಿಸುತ್ತಿದ್ದರು. ಒಂದು ಕಡೆ ದೊರೆ ಐದನೆಯ ಜಾರ್ಜನ ತಲೆ. ಇನ್ನೊಂದು ಕಡೆ ಕುದುರೆಯ ಮೇಲೆ ಬೆತ್ತಲೆ ಸವಾರ, ೧೯೧೪ ಮತ್ತು ೧೯೧೮ ಎಂಬ ವರ್ಷಗಳು. ಅದು ಆ ಮಹಾಯುದ್ಧದ ಪದಕ. ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟರು. ಹಿಂಬಾಲಕರಾದ ಕೂಲಿಗಳಿಗೂ ಅಡಿಗೆಯವರಿಗೂ ಕಂಚಿನಲ್ಲಿ. ಮುಖ ಎಲ್ಲದರಲ್ಲಿಯೂ ಒಂದೇ, ಬೇರೆಯಾಗಿರುವುದು ಅಂಚು. ಪಡೆದವನ ನಂಬರು, ದರ್ಜೆ, ಹೆಸರು, ಪಡೆ — ಇವನ್ನು ಅಂಚಿನ ಸುತ್ತ ಅಚ್ಚೊತ್ತುವುದು ಆ ಪದಕದ ನಿಯಮ.

ಒದ್ದೆ ಬಟ್ಟೆಯಿಂದ ಕುಂಕುಮವನ್ನು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಭೂತಕನ್ನಡಿಯಲ್ಲಿ ನಿಧಾನವಾಗಿ ತಿರುಗಿಸಿದೆವು. ಮೊದಲು ನಂಬರು ಬಂದಿತು. ಆಮೇಲೆ ತಾತನ ಹೆಸರು, ಕಾಗುಣಿತ ತುಸು ಕೆಟ್ಟಿದ್ದರೂ ಅವರದೇ. ಕೊನೆಗೆ ಕಿರಿದು ಮಾಡಿ ಬರೆದ ಮೈಸೂರು ಲ್ಯಾನ್ಸರ್ಸ್.

ಇಂಥವು ಇನ್ನೂ ಹಲವು ಮನೆಗಳಲ್ಲಿರಬಹುದಾದ್ದರಿಂದ ಗೃಹಸ್ಥರಿಗೆ ಕೆಲವು ಮಾತು. ಹಳೆಯ ಲೋಹದ ಮೇಲೆ ಮುದ್ರೆಯಿದ್ದರೆ ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಯಾವುದರಿಂದಲೂ ತಿಕ್ಕಬಾರದು. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ತೆಳುವಾದ ಕಾಗದವನ್ನು ಮೇಲಿಟ್ಟು, ಮಕ್ಕಳು ಕಾಸಿನ ಚಿತ್ರ ತೆಗೆಯುವಂತೆ ಪೆನ್ಸಿಲಿನಿಂದ ಉಜ್ಜಿದರೆ ಕಣ್ಣಿಗೆ ಕಾಣದ ಅಂಕಿಯೂ ಮೂಡುತ್ತದೆ. ಯುದ್ಧದ ಪದಕವನ್ನು ಬೆಳ್ಳಿಯ ತೂಕಕ್ಕೆ ಹಾಕುವ ಮೊದಲು ಅಂಚನ್ನು ಓದಿರಿ. ಗುಂಡು, ಸಿಡಿಮದ್ದಿನಂಥದು ಸಿಕ್ಕಿದರಂತೂ ಮುಟ್ಟದೆ ಪೋಲೀಸರಿಗೆ ತಿಳಿಸಬೇಕು. ಇನ್ನು ಕಾನೂನು: ೧೯೫೯ರ ಆಯುಧಗಳ ಕಾಯಿದೆಯ ಪ್ರಕಾರ ಮೆಷಿನ್‌ಗನ್ನು ನಿಷಿದ್ಧ ಆಯುಧ. ರಿಪೇರಿ ಮಾಡಿದರೂ ಹಾರದಂಥ ಪುರಾತನ ಆಯುಧಕ್ಕೂ, ಬೇರೆ ಭಾಗಗಳೊಡನೆ ಕೂಡಿಸಿ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಗಳಿಗೂ ಅದರಲ್ಲಿ ವಿನಾಯಿತಿ ಇದೆ. ಹಾಗಿದ್ದರೂ ಠಾಣೆಗೆ ಒಂದು ಅರ್ಜಿ ಬರೆದು ತಿಳಿಸಿಟ್ಟಿರುವುದು ಲೇಸು. ನಮ್ಮ ವಾಚಕರು ಹಾಗೆ ಮಾಡಿದ್ದಾರೆ. ನೂರು ವರ್ಷ ತುಂಬಿದ ವಸ್ತುವಿಗೆ ೧೯೭೨ರ ಪ್ರಾಚೀನವಸ್ತುಗಳ ಕಾಯಿದೆಯೂ ಅನ್ವಯಿಸಬಹುದೆಂಬುದನ್ನು ಮಾರಲು ಹೊರಡುವವರು ನೆನಪಿಡಬೇಕು.

ವ್ಯಾಪಾರಿಯು ಮತ್ತೆ ಬಂದಿದ್ದನಂತೆ. ಹೈಫಾದ್ದಲ್ಲವೆಂದು ಕೇಳಿ ಬೆಲೆಯನ್ನು ಕಾಲುಭಾಗಕ್ಕೆ ಇಳಿಸಿದನಂತೆ. ಅತ್ತೆಯವರು ಅವನಿಗೆ ನೀರು ಕೊಟ್ಟು ಕಳುಹಿಸಿದರು. ಹಪ್ಪಳದ ಹಿಟ್ಟಿಗೆ ಈಗ ಬೇರೆ ಕಲ್ಲು ಬಂದಿದೆ. ಮುಚ್ಚಳವು ಗೋಡೆಯ ಮೇಲೆ ದೊಡ್ಡಪ್ಪನ ಪಟದ ಕೆಳಗಿದೆ. ಅಲ್ಲಿಗೆ ಹೊಂದಿಸುವುದಕ್ಕೆ ಆತನ ಪಟ ಬೇಕಾಗಿ, ಮಿಲ್ಲಿನ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆರಳಿನಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ.